ಹೇಂಟೆ ಕಾವಿಗೆ ಕೂತ ಕಂಪ್ಯೂಟರ್

ನಾವುಂದದ ನಮ್ಮ ಮನೆಯ ಅಂಗಳಕ್ಕೆ ಆ ಟೆಂಪೋ ಬಂದು ನಿಂತಾಗ ಅತ್ತೆ ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಕೊಯ್ಯುತ್ತಿದ್ದರು. ಚಾಲಕ ಟರ್ಪಾಲು ಸರಿಸಿ ಒಂದೊಂದೇ ಸಾಮಾನು ಇಳಿಸತೊಡಗಿದ. ಹೊಟ್ಟೆ ದಪ್ಪದ ಎಂಟು ಮಾನಿಟರುಗಳು, ಹಳದಿಗೆ ತಿರುಗಿದ ಎಂಟು ಕ್ಯಾಬಿನೆಟ್ಟುಗಳು, ಒಂದು ಗೋಣಿ ತುಂಬ ವಯರು. ಕೊನೆಗೆ ಇಬ್ಬರು ಹಿಡಿದು ಇಳಿಸಬೇಕಾದ ಚಪ್ಪಟೆ ಕಬ್ಬಿಣದ ಪೆಟ್ಟಿಗೆಯೊಂದು, ಅದನ್ನು ಕೂರಿಸುವ ಸ್ಟ್ಯಾಂಡು.

ಅತ್ತೆ ಕೈಯಲ್ಲಿದ್ದ ಮೀನನ್ನು ಹಾಗೇ ಹಿಡಿದು ನೋಡಿದರು.

"ಇದೆಂತ ಹೆಣೆ, ಇಷ್ಟ್ ಟಿವಿ?"

"ಟಿವಿ ಅಲ್ಲ ಅತ್ತೆ. ಕಂಪ್ಯೂಟರ್."

"ಎಂಟಾ? ಮನಿಯಗೆ ಇಪ್ಪುದ್ ಮೂರ್ ಜನ."

ಅವೆಲ್ಲ ಯಾಕೆ ನಮ್ಮ ಮನೆಗೆ ಬಂದವು ಎಂಬುದು ನನಗೇ ಸರಿಯಾಗಿ ಅರ್ಥವಾಗಿರಲಿಲ್ಲ.

ನಾನು ಬ್ರಹ್ಮಾವರದವಳು. ಟೈಪಿಂಗ್ ಸೀನಿಯರ್ ಪಾಸು ಮಾಡಿಕೊಂಡು ೧೯೯೭ರಲ್ಲಿ ಕುಂದಾಪುರದ ಒಂದು ಕಂಪ್ಯೂಟರ್ ಸೆಂಟರಿಗೆ ಕಲಿಸಲು ಸೇರಿದೆ. ಅದುವರೆಗೆ ಕಂಪ್ಯೂಟರನ್ನು ಮುಟ್ಟಿದವಳೇ ಅಲ್ಲ. "ಕೀಲಿ ಎಲ್ಲ ಅದೇ ಅಲ್ದಾ, ಹೆದ್ರ್‌ಬೇಡಿ" ಎಂದು ಸೆಂಟರಿನ ಧಣಿಗಳು ನನ್ನನ್ನು ಒಂದರ ಮುಂದೆ ಕೂರಿಸಿದರು. ಮೊದಲ ಸಾಲು ಮುಗಿದ ಕೂಡಲೇ ನನ್ನ ಎಡಗೈ ತನ್ನಷ್ಟಕ್ಕೆ ಮೇಲೆದ್ದು, ಟೈಪ್‌ರೈಟರಿನ ಗಾಡಿಯನ್ನು ತಳ್ಳುವ ಹಿಡಿಯನ್ನು ಗಾಳಿಯಲ್ಲಿ ಹುಡುಕಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಿದ್ದ ಕಾಲ ಅದು. ಅಂಥ ಕೋಣೆಯಲ್ಲಿ ಹನ್ನೊಂದು ವರ್ಷ ಪಾಠ ಮಾಡಿದೆ. ನಡುವೆ ಮದುವೆಯಾಗಿ ನಾವುಂದಕ್ಕೆ ಬಂದ ಮೇಲೂ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಗಂಡ ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು, ಅತ್ತೆಗೆ ಒಣಮೀನಿನ ವ್ಯಾಪಾರವಿತ್ತು. ಅವರಿಬ್ಬರ ಕೈಗೂ ಒಂದೊಂದು ವಾಸನೆ ಅಂಟಿಕೊಂಡಿತ್ತು. ನನ್ನ ಕೈಗೆ ಯಾವ ವಾಸನೆಯೂ ಇಲ್ಲ ಎಂದು ಅತ್ತೆ ಬೇಕೆಂದೇ ಮೂಸಿ ನೋಡಿ ನಗುತ್ತಿದ್ದರು.

ಶಾಲೆ ಕಾಲೇಜುಗಳಲ್ಲೆಲ್ಲ ಕಂಪ್ಯೂಟರು ಬಂದ ಮೇಲೆ ನಮ್ಮಲ್ಲಿಗೆ ಕಲಿಯಲು ಬರುವವರು ಕಡಿಮೆಯಾದರು. ಆನ್‌ಲೈನ್ ಪರೀಕ್ಷೆ ನಡೆಸುವ ಯೋಚನೆಯಲ್ಲಿ ಧಣಿಗಳು ಮುಂಬೈಯ ಯಾವುದೋ ಆಫೀಸಿಗೆ ಬೇಡವಾಗಿದ್ದ ಆ ಕಬ್ಬಿಣದ ಪೆಟ್ಟಿಗೆಯನ್ನು ತರಿಸಿದರು. ಅದಕ್ಕೆ ಸರ್ವರ್ ಎಂದು ಹೆಸರು, ಉಳಿದ ಕಂಪ್ಯೂಟರುಗಳೆಲ್ಲ ಬೇಕಾದ್ದನ್ನು ಅದರಿಂದಲೇ ಕೇಳಿ ಪಡೆಯುತ್ತವೆ ಎಂದರು. ಯಾವ ಕಂಪ್ಯೂಟರೂ ಅದರಿಂದ ಏನನ್ನೂ ಕೇಳುವ ಮೊದಲೇ ಸೆಂಟರು ಮುಚ್ಚಿತು. ಧಣಿಗಳು ಮುಂಬೈಯಲ್ಲಿದ್ದ ತಮ್ಮ ಅಣ್ಣನ ಹೋಟೆಲಿಗೆ ಹೊರಟರು.

ಹೊರಡುವ ಮುನ್ನಾ ದಿನ ನನ್ನನ್ನು ಕರೆದು, "ಟೀಚರೇ, ಇದೆಲ್ಲ ನಿಮ್ಗೇ. ಗುಜರಿಗ್ ಹಾಕುಕೆ ನಂಗ್ ಮನ್ಸ್ ಬತ್ತಿಲ್ಲೆ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ತಲೆಯಾಡಿಸಿದೆ. ನನಗೆ ಉಡುಗೊರೆ ಕೊಟ್ಟರೋ, ಗುಜರಿಯನ್ನು ನನ್ನ ತಲೆಗೆ ಕಟ್ಟಿದರೋ ಎಂದು ಬಸ್ಸಿನಲ್ಲಿ ನಾವುಂದ ಬರುವವರೆಗೂ ಯೋಚಿಸಿದೆ. ಗೊತ್ತಾಗಲಿಲ್ಲ.

ಎರಡು ತಿಂಗಳು ಅವು ಚಾವಡಿಯ ಮೂಲೆಯಲ್ಲಿ ಟರ್ಪಾಲಿನಡಿ ಇದ್ದವು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ನನಗೆ ಅವುಗಳನ್ನು ಕಂಡರೆ ಒಂದು ರೀತಿಯ ನಾಚಿಕೆ. ಬಂದವರೆಲ್ಲ ಟರ್ಪಾಲು ಎತ್ತಿ ನೋಡಿ ಒಂದೊಂದು ಸಲಹೆ ಕೊಟ್ಟು ಹೋಗುತ್ತಿದ್ದರು. ಮಾನಿಟರಿನ ಹೊಟ್ಟೆ ಖಾಲಿ ಮಾಡಿದರೆ ಮೀನು ಸಾಕಬಹುದು ಎಂದರು ಒಬ್ಬರು. ಮೀನು ಮಾರುವ ಮನೆಯಲ್ಲಿ ಮೀನು ಸಾಕುವುದು ಯಾಕೆಂದು ಅತ್ತೆಗೆ ತಿಳಿಯಲಿಲ್ಲ.

ಮೊದಲು ಧೈರ್ಯ ಮಾಡಿದವರು ನನ್ನ ಗಂಡ. ಒಂದು ಕ್ಯಾಬಿನೆಟ್ ಬಿಚ್ಚಿ, ಒಳಗೆ ಕರೆಂಟನ್ನು ಇಳಿಸಿ ಕೊಡುವ ಡಬ್ಬಿಯನ್ನು ಹೊರತೆಗೆದು, ಅದರಿಂದ ದೋಣಿಯ ಹನ್ನೆರಡು ವೋಲ್ಟಿನ ದೀಪ ಉರಿಸಿ ತೋರಿಸಿದರು. ದೋಣಿಯವರು ರಿಪೇರಿಗೆ ತಂದ ದೀಪ, ಪಂಪುಗಳನ್ನು ಬ್ಯಾಟರಿ ಇಲ್ಲದೆ ಪರೀಕ್ಷಿಸಲು ಅದು ಬಹಳ ಅನುಕೂಲವಾಯಿತು. ಖುಷಿಯಲ್ಲಿ ಇನ್ನೊಂದು ಕ್ಯಾಬಿನೆಟ್ಟಿನ ಡಬ್ಬಿಯನ್ನೂ ಬಿಚ್ಚಿದರು. ಮೊದಲನೆಯದರ ಉಳಿದ ಭಾಗ ಅವರ ರಿಪೇರಿ ಮೇಜಿನಡಿ ಸೇರಿತು, ಎರಡನೆಯದು ಮುಚ್ಚಳವಿಲ್ಲದೆ ಸೌದೆ ಕೊಟ್ಟಿಗೆಗೆ ಹೋಯಿತು. ಹನ್ನೊಂದು ವರ್ಷ ನಾನು ಬಟ್ಟೆಯಿಂದ ಒರೆಸಿ ಇಟ್ಟಿದ್ದ ಯಂತ್ರ ತೆಂಗಿನ ಮಡಲುಗಳ ನಡುವೆ ಬಿದ್ದದ್ದು ನೋಡಿ ಅಳು ಬರಬೇಕಿತ್ತು. ಬರಲಿಲ್ಲ, ನಗೆಯೂ ಬರಲಿಲ್ಲ.

ಆಸಾಡಿಯ ಮಳೆ ಹಿಡಿಯಿತು. ಅತ್ತೆ ಬೇಸಗೆಯಲ್ಲಿ ಒಣಗಿಸಿಟ್ಟ ಚಟ್ಲಿ, ಅಂದರೆ ಸಣ್ಣ ಸಿಗಡಿ, ಥಂಡಿಗೆ ಮೆತ್ತಗಾಗತೊಡಗಿತು. ಅದೇ ವಾರ ನಾನು, ನೋಡಿಯೇ ಬಿಡೋಣವೆಂದು, ಸರ್ವರಿಗೆ ಒಂದು ಮಾನಿಟರು ಜೋಡಿಸಿ, ವಯರು ಸಿಕ್ಕಿಸಿ ಸ್ವಿಚ್ ಹಾಕಿದೆ. ಬೋಟಿನ ಎಂಜಿನ್ ಚಾಲೂ ಆದ ಹಾಗೆ ಸದ್ದಾಯಿತು. ಅತ್ತೆ ಅಡುಗೆ ಮನೆಯಿಂದ ಓಡಿ ಬಂದರು, ಗಂಡ ಕೊಟ್ಟಿಗೆಯಿಂದ ಓಡಿ ಬಂದರು. ಮಾನಿಟರಿನಲ್ಲಿ ಡಿಸ್ಕ್ ಇಲ್ಲ ಎಂಬ ಒಂದು ಸಾಲು ಮೂಡಿ ನಿಂತಿತು. ಡಿಸ್ಕುಗಳನ್ನು ಮುಂಬೈಯವರೇ ತೆಗೆದುಕೊಂಡು ಉಳಿದದ್ದನ್ನು ಕಳಿಸಿದ್ದರು ಎಂಬುದು ನನಗೆ ತಿಳಿದದ್ದೇ ಆಗ. ನೆನಪೇ ಇಲ್ಲದ ಯಂತ್ರ ಏನನ್ನೋ ಹುಡುಕುತ್ತ ಬುಸುಗುಟ್ಟುತ್ತಿತ್ತು.

ಆರಿಸಲು ಹೋದೆ. ಅತ್ತೆ ಅದರ ಹಿಂದೆ ಕೈಯೊಡ್ಡಿ ನಿಂತಿದ್ದರು.

"ತಡಿ ಹೆಣೆ, ಆರಿಸ್‌ಬೇಡ. ಬಿಸಿ ಗಾಳಿ ಬತ್ತಿತ್ತ್."

ಐದು ನಿಮಿಷದಲ್ಲಿ ಒಂದು ಗೆರಸೆ ಚಟ್ಲಿ ಸರ್ವರಿನ ಹಿಂದೆ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಬೆರಳಲ್ಲಿ ಮುರಿದರೆ ಸದ್ದು ಮಾಡುವಷ್ಟು ಗರಿಗರಿಯಾಗಿತ್ತು. ಮರುದಿನದಿಂದ ಅತ್ತೆಯೇ ಸ್ವಿಚ್ ಹಾಕತೊಡಗಿದರು. ಪಕ್ಕದ ಮನೆಯ ಬಾಣಂತಿಯ ಮಗುವಿನ ಬಟ್ಟೆಗಳೂ ಬಂದವು, ಹಲಸಿನ ಹಪ್ಪಳವೂ ಬಂತು. "ನಿಮ್ಮ ಸೊಸಿ ತಂದ್ ಮಿಷನ್ ಚಲೋ ಇತ್ತ್" ಎಂದು ಹೆಂಗಸರು ಹೊಗಳುವಾಗ ನಾನು ಏನು ಮುಖ ಮಾಡಬೇಕೆಂದು ತಿಳಿಯದೆ ಒಳಗೆ ಹೋಗುತ್ತಿದ್ದೆ. ಅದರ ಕೆಲಸ ಅದಲ್ಲ ಎಂದು ಹೇಳಬೇಕೆನಿಸುತ್ತಿತ್ತು. ಹಾಗಾದರೆ ಅದರ ಕೆಲಸ ಯಾವುದು ಎಂದು ಯಾರಾದರೂ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ.

ಆ ಮಳೆಯಲ್ಲೇ ಒಂದು ಬೆಳಿಗ್ಗೆ ಕೊಡೆ ಮಡಚುತ್ತ ಒಬ್ಬಳು ಹೆಂಗಸು ಜಗಲಿಗೆ ಬಂದಳು.

"ಟೀಚರೇ, ಗುರ್ತ ಸಿಕ್ಲಿಲ್ಯಾ?"

ಮುಖ ಕಂಡ ಹಾಗಿತ್ತು, ಹೆಸರು ಹೊಳೆಯಲಿಲ್ಲ. ಯಡ್ತರೆಯವಳು. ಆರು ವರ್ಷದ ಹಿಂದೆ ನಮ್ಮ ಸೆಂಟರಿನಲ್ಲಿ ಆರು ತಿಂಗಳ ಟೈಪಿಂಗ್ ಕಲಿತವಳು. ಕೋರ್ಸು ಮುಗಿಯುವಾಗಲೇ ಮದುವೆ ನಿಶ್ಚಯವಾಗಿ, ಸರ್ಟಿಫಿಕೇಟು ಒಯ್ಯಲು ಬರಲೇ ಇಲ್ಲ. ಈಗ ಅವಳ ಊರಿನ ಹತ್ತಿರದ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರಿಗೆ ಕೂರಲು ಜನ ಬೇಕಂತೆ, ಅರ್ಜಿ ಹಾಕಲು ಇನ್ನೂ ಮೂರು ವಾರ ಇದೆಯಂತೆ.

"ಸೆಂಟರ್ ಹತ್ರ ಹೋದ್ರೆ ಅಲ್ಲ್ ಚಪ್ಲಿ ಅಂಗಡಿ ಆಯಿತ್ತ್. ಅವ್ರೇ ನಿಮ್ಮನಿ ಹೇಳಿರ್."

ಕಲಿತವರ ಪಟ್ಟಿಯನ್ನು ಬರೆದಿಡುತ್ತಿದ್ದವಳು ನಾನೇ. ಪುಸ್ತಕದಲ್ಲಲ್ಲ, ಆಫೀಸಿನ ಕಂಪ್ಯೂಟರಿನಲ್ಲಿ. ಎಂಟೂ ಒಂದೇ ರೀತಿ ಇದ್ದುದರಿಂದ ಅದಕ್ಕೆ ಮಾತ್ರ ಕೆಂಪು ನೈಲ್ ಪಾಲಿಶಿನ ಒಂದು ಬೊಟ್ಟು ಇಟ್ಟಿದ್ದೆ. ಅವಳನ್ನು ಕೂರಿಸಿ ಚಾವಡಿಯ ಆರು ಕ್ಯಾಬಿನೆಟ್ಟುಗಳನ್ನು ತಿರುಗಿಸಿ ನೋಡಿದೆ, ಬೊಟ್ಟಿಲ್ಲ. ರಿಪೇರಿ ಮೇಜಿನಡಿಯದನ್ನು ನೋಡಿದೆ, ಅದರಲ್ಲೂ ಇಲ್ಲ. ಇನ್ನುಳಿದದ್ದು ಸೌದೆ ಕೊಟ್ಟಿಗೆಯದು.

ಅದು ಮಗ್ಗುಲಾಗಿ ಮಲಗಿತ್ತು. ಮುಂಭಾಗದಲ್ಲಿ ಕೆಂಪು ಬೊಟ್ಟು ಸ್ಪಷ್ಟವಾಗಿತ್ತು. ಒಳಗೆ ಒಣಹುಲ್ಲಿನ ಮೇಲೆ ಅತ್ತೆಯ ಕಪ್ಪು ಹೇಂಟೆ ಕಾವಿಗೆ ಕೂತಿತ್ತು. ಅದರ ಬೆನ್ನಿಗೆ ತಾಗುವ ಹಾಗೆ ತಗಡಿನ ಗೂಡಿನಲ್ಲಿ ಹಾರ್ಡ್ ಡಿಸ್ಕ್. ನಾನು ಕೈ ಚಾಚಿದೆ. ಹೇಂಟೆ ಮೈಯುಬ್ಬಿಸಿ ನನ್ನನ್ನು ನೋಡಿತು.

"ಮುಟ್ಟ್‌ಬೇಡ!" ಅತ್ತೆ ಹಿಂದಿನಿಂದ ಕೂಗಿದರು. "ಕಾವಿಗ್ ಕೂತ್ ಹೇಂಟಿನ ಎಬ್ಸುಕಾಗ. ಹನ್ನೊಂದ್ ಮೊಟ್ಟಿ ಇತ್ತ್ ಅದ್ರಡಿ."

"ಅತ್ತೆ, ಈ ಹುಡ್ಗಿ ಕೆಲ್ಸದ್ ವಿಷ್ಯ."

"ಇನ್ನ್ ಎಂಟೊಂಬತ್ ದಿನ. ಮರಿ ಆಯ್ಲಿ. ಅಲ್ಲಿವರಿಗೆ ನಿಮ್ಮ ಪಟ್ಟಿ ಎಂತ ಓಡ್ ಹೋತ್ತಾ?"

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು, ಒಮ್ಮೆ ಹೇಂಟೆಯನ್ನು ನೋಡುತ್ತಿದ್ದಳು. ಯಾರ ಪಕ್ಷ ಹಿಡಿಯಬೇಕೆಂದು ನನಗೂ ತೋಚಲಿಲ್ಲ. ದಾರಿ ಹೇಳಿದವರು ಕೊನೆಗೆ ಅತ್ತೆಯೇ. ಕಾವಿನ ಹೇಂಟೆ ದಿನಕ್ಕೊಮ್ಮೆ ತಿನ್ನಲು ಎದ್ದು ಹೋಗುತ್ತದೆ, ಹತ್ತು ನಿಮಿಷದೊಳಗೆ ತಿರುಗಿ ಬಂದು ಕೂರುತ್ತದೆ. ಆ ಹತ್ತು ನಿಮಿಷದಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ಮೊಟ್ಟೆ ಮಾತ್ರ ಅಲುಗಬಾರದು ಎಂದರು.

ಮರುದಿನ ನಾವು ಮನೆಯ ಮೂವರೂ ಕೊಟ್ಟಿಗೆಯ ಬಾಗಿಲಲ್ಲಿ ಕಾದೆವು. ಹೇಂಟೆ ಎದ್ದಿತು, ಅಂಗಳಕ್ಕೆ ಇಳಿಯಿತು. ಅತ್ತೆ ಸ್ವಲ್ಪ ದೂರದಲ್ಲಿ ನುಚ್ಚು ಹಾಕಿದರು. ಗಂಡ ಸ್ಕ್ರೂಡ್ರೈವರ್ ಹಿಡಿದು ಮೊಣಕಾಲೂರಿದರು. ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಎರಡೇ ಇದ್ದವು. ಯಾರದೋ ಸೋಮಾರಿತನ ಆ ದಿನ ನಮ್ಮ ಪಾಲಿಗೆ ಒಳ್ಳೆಯದಾಯಿತು. ಒಂದು ಸಲೀಸಾಗಿ ಬಂತು. ಇನ್ನೊಂದು ಕಡಲಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಬಂತಾ?" ಎಂದೆ.

"ಬತ್ತಿಲ್ಲೆ ಮರಾಯ್ತಿ."

"ಹ್ವಾಯ್, ಹೇಂಟಿ ಬತ್ತಿತ್ತ್!" ಅತ್ತೆ ಅಂಗಳದಿಂದ ಕೂಗಿದರು.

ಗಂಡ ಕೈ ತೆಗೆಯುವಷ್ಟರಲ್ಲಿ ಅದು ಬಂದು ಅವರ ಬೆರಳನ್ನು ಕುಕ್ಕಿತು. ಎಂಜಿನ್ನುಗಳ ಜೊತೆ ಇಪ್ಪತ್ತು ವರ್ಷ ಗುದ್ದಾಡಿದ ಮನುಷ್ಯ ಕೋಳಿಗೆ ಹೆದರಿ ಹಿಂದೆ ಸರಿದರು. ಮರುದಿನ ಹೇಂಟೆ ಎದ್ದಾಗ ಆ ಸ್ಕ್ರೂವಿಗೆ ಎಣ್ಣೆ ಬಿಟ್ಟು ಬಂದರು. ಮೂರನೆಯ ದಿನ ಅದು ತಿರುಗಿತು. ಡಿಸ್ಕನ್ನು ಪಂಚೆಯ ತುದಿಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಕೋಳಿಯ ಮೈಬಿಸಿ ಇನ್ನೂ ಅದರಲ್ಲಿತ್ತು.

ಹುಡುಗಿ ಮತ್ತೆ ಬಂದ ದಿನವೇ ಅದನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದೆವು. ಪಟ್ಟಿ ತೆರೆಯಿತು. ನಾನು ಕೀಲಿ ಒತ್ತಿ ಒತ್ತಿ ಕೆಳಗಿಳಿದೆ. ಅವಳ ಹೆಸರಿತ್ತು, ಊರಿತ್ತು, ಹಾಜರಿಯೂ ಇತ್ತು. ಫಲಿತಾಂಶದ ಕಾಲಂ ಖಾಲಿ ಇತ್ತು. ಅವಳದು ಮಾತ್ರವಲ್ಲ, ಅವಳ ಜೊತೆ ಕಲಿತ ಹದಿನಾಲ್ಕು ಜನರದ್ದೂ ಖಾಲಿ.

"ಪರೀಕ್ಷಿ ಬರ್ದಿದ್ದೆ ಟೀಚರೇ. ನೀವೇ ಹತ್ರ ನಿಂತ್ಕಂಡಿದ್ರಿ."

ನನಗೆ ನೆನಪಿರಲಿಲ್ಲ. ಹಾಜರಿಯನ್ನು ಒಂದು ದಿನವೂ ತಪ್ಪಿಸದೆ ತುಂಬಿಸಿದವಳು ಇದೊಂದನ್ನು ಯಾಕೆ ಬಿಟ್ಟೆ? ಪರೀಕ್ಷೆ ಆಗಿ ಬರೆಯಲು ಮರೆತೆನೋ, ಅಥವಾ ಪರೀಕ್ಷೆಯೇ ಆಗಲಿಲ್ಲವೋ? ಅವಳ ಮುಖ ನೋಡಿದರೆ ಸುಳ್ಳು ಹೇಳುವವಳ ಹಾಗೆ ಕಾಣಲಿಲ್ಲ. ಆದರೆ ಆರು ವರ್ಷದ ಹಿಂದೆ ಬರೆದದ್ದು ಇದೇ ಪರೀಕ್ಷೆಯೋ, ದಿನಾ ನಡೆಸುತ್ತಿದ್ದ ಅಭ್ಯಾಸವೋ ಅವಳಿಗಾದರೂ ಹೇಗೆ ಗೊತ್ತು?

ಮುಂಬೈಗೆ ಫೋನು ಮಾಡಿದೆ. ಧಣಿಗಳ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಎಂತಕ್ ಅಷ್ಟ್ ತಲಿಬಿಸಿ? ಖಾಲಿ ಸರ್ಟಿಫಿಕೇಟ್ ನಿಮ್ಮ ಗೋಣಿಯಗೇ ಇತ್ತಲೆ. ಸೀಲೂ ಇತ್ತ್. ಫಸ್ಟ್ ಕ್ಲಾಸ್ ಅಂದ್ ಬರ್ದ್ ಸೈನ್ ಹಾಕಿ ಕೊಡಿ ಮರಾಯ್ರೆ."

ಹೌದು, ಗೋಣಿಯಲ್ಲಿ ವಯರುಗಳ ಕೆಳಗೆ ಎಲ್ಲ ಇತ್ತು. ಚಿನ್ನದ ಬಣ್ಣದ ಅಂಚಿನ ಕಾಗದ, ನೇರಳೆ ಇಂಕು ಒಣಗಿದ ಸೀಲು. ಅದನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಬರೆದರೆ ಸುಳ್ಳಾಗಬಹುದು. ಬರೆಯದಿದ್ದರೆ, ನನ್ನ ಮರೆವಿಗೆ ಅವಳು ದಂಡ ತೆರಬೇಕಾಗಬಹುದು. ಅಲ್ಲದೆ ಮುಚ್ಚಿಹೋದ ಸೆಂಟರಿನ ಹೆಸರಲ್ಲಿ ಸಹಿ ಹಾಕಲು ನಾನು ಯಾರು?

ಚಟ್ಲಿಯ ಗೆರಸೆ ತಿರುಗಿಸಿ ಇಡುತ್ತಿದ್ದ ಅತ್ತೆ ನಮ್ಮಿಬ್ಬರ ಸಪ್ಪೆ ಮುಖ ನೋಡಿ ನಿಂತರು.

"ಅವ್ಳಿಗ್ ಟೈಪ್ ಮಾಡುಕೆ ಬತ್ತಾ ಇಲ್ಯಾ?"

"ಆಗ ಬತ್ತಿತ್ತ್" ಎಂದೆ.

"ಆಗಿಂದ್ ಯಾರಿಗ್ ಬೇಕ್? ಮೀನ್ ತಕಂಬತಿಗೆ ನಿನ್ನೆ ಹ್ಯಾಂಗಿತ್ತ್ ಅಂದ್ ಕೇಂತ್ರಾ? ಮೀನಿನ ಕಿವಿ ಎತ್ತಿ ಹೊಸತಾ ಅಂದ್ ಕಾಂತ್ರಲೆ. ಈಗಳ್ ಬತ್ತಾ ಕಾಣ್."

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಅವಳನ್ನು ಕೂರಿಸಿ, ಹಳೆಯ ಪಾಠದ ಒಂದು ಪುಟ ಮುಂದಿಟ್ಟು, ಗೋಡೆಯ ಗಡಿಯಾರ ನೋಡಿದೆ. ಹತ್ತು ನಿಮಿಷ. ಅವಳ ಬೆರಳುಗಳು ಕೀಲಿಗಳ ಮೇಲೆ ಇಳಿದು ತಡವರಿಸಿದವು. ಕಿರುಬೆರಳು ಎದ್ದು ನಿಂತುಬಿಡುತ್ತಿತ್ತು. ಮುಗಿದಾಗ ಸಾಲಿಗೆ ನಾಲ್ಕೈದು ತಪ್ಪು. ಅವಳು ತಲೆಯೆತ್ತಲಿಲ್ಲ.

"ಬರುದಿಲ್ಲೆ ಟೀಚರೇ. ಮರ್ತ್ ಹೋಯ್ತ್."

"ನಾಳಿಂದ ಬಾ" ಎಂದೆ. ಹಾಗೆ ಹೇಳುವ ಯೋಚನೆ ನನಗೆ ಮೊದಲೇ ಇತ್ತೆಂದು ಹೇಳಲಾರೆ. ಬಾಯಿಂದ ಬಂತು.

ಅವಳು ಹನ್ನೆರಡು ದಿನ ಬಂದಳು. ಬೈಂದೂರಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಒದ್ದೆ ಸೀರೆಯಲ್ಲಿ. ಸೀರೆಯ ಸೆರಗನ್ನು ಸರ್ವರಿನ ಹಿಂದೆ ಹಿಡಿದು ಒಣಗಿಸಿಕೊಂಡು ಟೈಪಿಗೆ ಕೂರುತ್ತಿದ್ದಳು. ಸರ್ವರಿನ ಸದ್ದಿನಲ್ಲಿ ನಾನು ಗಂಟಲು ಹರಿಯುವಂತೆ ಅಕ್ಷರ ಹೇಳುತ್ತಿದ್ದೆ. ನಡುವೆ ಕೊಟ್ಟಿಗೆಯಲ್ಲಿ ಒಂಬತ್ತು ಮರಿಗಳಾದವು. ಹನ್ನೆರಡನೆಯ ದಿನ ಮತ್ತೆ ಗಡಿಯಾರ ನೋಡಿದೆ. ಇಡೀ ಪುಟದಲ್ಲಿ ಮೂರೇ ತಪ್ಪು.

ಚಿನ್ನದ ಅಂಚಿನ ಕಾಗದವನ್ನು ನಾನು ಬಳಸಲಿಲ್ಲ. ಬಿಳಿ ಹಾಳೆಯಲ್ಲಿ ಕೈಯಾರೆ ಬರೆದೆ. ಈಕೆ ನನ್ನಲ್ಲಿ ಕಲಿತವಳು, ಹಿಂದಿನ ಫಲಿತಾಂಶ ನನ್ನ ಬಳಿ ಇಲ್ಲ, ಇಂದು ನಾನೇ ಪರೀಕ್ಷಿಸಿದ್ದೇನೆ, ಇಷ್ಟು ವೇಗ, ಇಷ್ಟು ತಪ್ಪು. ಕೆಳಗೆ ಆ ದಿನದ ತಾರೀಕು, ನನ್ನ ಸಹಿ. ಅಂಥ ಕಾಗದವನ್ನು ಯಾವ ಕಚೇರಿಯವರಾದರೂ ಒಪ್ಪುತ್ತಾರೋ ಇಲ್ಲವೋ ತಿಳಿದಿರಲಿಲ್ಲ. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನನ್ನ ಕಾಲು ಮುಟ್ಟಿ, ಮಳೆಗಿಳಿದಳು.

ಆ ಕೆಲಸ ಅವಳಿಗೆ ಸಿಗಲಿಲ್ಲ. ಕಾಗದದಿಂದಲೋ, ಬೇರೆ ಕಾರಣಕ್ಕೋ, ಯಾರೂ ಹೇಳಲಿಲ್ಲ. ನಾನು ಆ ಸೀಲು ಒತ್ತಿದ್ದರೆ ಸಿಗುತ್ತಿತ್ತೇನೋ ಎಂದು ಕೆಲವು ದಿನ ಅನ್ನ ಸೇರಲಿಲ್ಲ. ಅವಳ ಮುಖ ನೋಡಲು ಹೆದರುತ್ತಿದ್ದೆ. ಅವಳು ಮಾತ್ರ ಮುಂದಿನ ತಿಂಗಳು ತನ್ನ ಓರಗೆಯ ಇಬ್ಬರನ್ನು ಕರೆದುಕೊಂಡು ಬಂದಳು.

"ಇವ್ರಿಗೂ ಹೇಳ್ಕೊಡಿ ಟೀಚರೇ. ಕೆಲ್ಸ ಸಿಕ್ಕುದ್ ಬಿಡುದ್ ಕಡಿಗ್ ಕಾಂಬ."

ಹಾಗೆ ನಮ್ಮ ಚಾವಡಿಯಲ್ಲಿ ಮೂರು ವರ್ಷ ಪಾಠ ನಡೆಯಿತು. ನಾವುಂದದ, ಬೈಂದೂರಿನ ಹೆಂಗಸರು, ಹೆಚ್ಚಿನವರು ಮನೆಯ ಮೀನಿನ ಕೆಲಸ ಮುಗಿಸಿ ಬರುವವರು. ಆರು ಕಂಪ್ಯೂಟರುಗಳು ನಾಲ್ಕಾದವು, ನಾಲ್ಕು ಎರಡಾದವು. ಕೆಟ್ಟದ್ದರಿಂದ ಒಳ್ಳೆಯ ಭಾಗ ತೆಗೆದು ಉಳಿದದ್ದಕ್ಕೆ ಹಾಕಲು ಗಂಡ ಕಲಿತುಕೊಂಡರು. ಸರ್ವರ್ ಎರಡನೆಯ ಮಳೆಗಾಲದಲ್ಲಿ ಸಿಡಿಲಿಗೆ ಸತ್ತಿತು. ಅತ್ತೆ ಎರಡು ದಿನ ಸತ್ತವರ ಮನೆಯವರ ಹಾಗೆ ಓಡಾಡಿದರು. ಕೊನೆಯ ಎರಡು ಕಂಪ್ಯೂಟರುಗಳೂ ನಿಂತ ಮೇಲೆ ಪಾಠವೂ ನಿಂತಿತು.

ಯಡ್ತರೆಯ ಹುಡುಗಿಗೆ ಅಷ್ಟರಲ್ಲಿ ಬೈಂದೂರಿನಲ್ಲಿ ದಸ್ತಾವೇಜು ಬರೆಯುವವರೊಬ್ಬರ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಅವರು ಯಾವ ಸರ್ಟಿಫಿಕೇಟನ್ನೂ ಕೇಳಲಿಲ್ಲವಂತೆ. ಒಂದು ಹಳೆಯ ಪತ್ರ ಕೊಟ್ಟು, ಟೈಪ್ ಮಾಡು ನೋಡುವ ಎಂದರಂತೆ.

ಒಂದೆರಡು ವರ್ಷದ ಮೇಲೆ, ತವರಿನ ಜಾಗದ ಪಾಲುಪಟ್ಟಿಗೆಂದು ಅಧಿಕಾರಪತ್ರ ಬರೆಸಲು ನಾನು ಅದೇ ಕೋಣೆಗೆ ಹೋದೆ. ಅವಳು ಎದ್ದು ಕುರ್ಚಿ ಕೊಟ್ಟಳು. ಆಮೇಲೆ ಪರದೆಯ ಕಡೆ ತಿರುಗಿ, ಆಫೀಸಿನ ದನಿಯಲ್ಲಿ ಒಂದೊಂದೇ ಕೇಳತೊಡಗಿದಳು. ತಂದೆಯ ಹೆಸರು, ವಯಸ್ಸು, ವಾಸ. ಬೆರಳುಗಳು ಕೀಲಿಗಳನ್ನು ನೋಡದೆಯೇ ಓಡುತ್ತಿದ್ದವು. ಮುಂದಿನ ಪ್ರಶ್ನೆ ಕೇಳದೆ ತಾನೇ ಏನೋ ಹೊಡೆದಳು. ಬಗ್ಗಿ ನೋಡಿದೆ. ಉದ್ಯೋಗ: ಶಿಕ್ಷಕಿ.

"ಈಗಳ್ ಪಾಠ ಇಲ್ಲೆ ಅಲ್ದಾ" ಎಂದೆ. "ಸುಳ್ಳ್ ಆತ್ತಿಲ್ಯಾ?"

"ನೀವ್ ಹೇಳ್ದಂಗೆ ಟೀಚರೇ" ಎಂದು ಅವಳು ಅದನ್ನು ಅಳಿಸಿ, ಮನೆವಾರ್ತೆ ಎಂದು ಹೊಡೆದು, ಪ್ರಿಂಟ್ ಕೊಟ್ಟಳು. ನಾನು ಸಹಿ ಹಾಕಿ ಬಂದೆ. ಬಸ್ಸಿನಲ್ಲಿ ಆ ಹಾಳೆಯನ್ನು ಮತ್ತೊಮ್ಮೆ ತೆಗೆದು ಓದಿದೆ. ಅವಳು ಬರೆದದ್ದನ್ನು ಹಾಗೇ ಬಿಡಬೇಕಿತ್ತೋ ಏನೋ, ಇಂದಿಗೂ ನನಗೆ ಬಗೆಹರಿದಿಲ್ಲ.